ಬೆಲೆಗೆ ಕಾರಣ ಬರೆಯುವ ಕೆಲಸ

(ತುಮಕೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಮತ್ತು ಈಗಷ್ಟೇ ಕೆಲಸಕ್ಕೆ ಇಳಿದಿರುವ ಇಂಜಿನಿಯರುಗಳಿಗೆ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮೂರಲ್ಲಿ ಜಮೀನಿನ ಬೆಲೆ ಗೊತ್ತಿಲ್ಲದವರು ಯಾರೂ ಇಲ್ಲ. ಬಿ.ಎಚ್. ರಸ್ತೆಯ ಯಾವ ಹೋಟೆಲಿಗೆ ಹೋಗಿ ಕಾಫಿ ಹೇಳಿದರೂ ಪಕ್ಕದ ಟೇಬಲಿನಲ್ಲಿ ಒಂದು ಸೈಟು ವ್ಯಾಪಾರ ಆಗುತ್ತಿರುತ್ತದೆ. ಕ್ಯಾತ್ಸಂದ್ರದ ಕಡೆ ಅಡಿಗೆ ಇಷ್ಟಂತೆ, ವಸಂತನರಸಾಪುರದ ಕಡೆ ಎಕರೆಗೆ ಇಷ್ಟಂತೆ. ಬ್ರೋಕರ್ ಹೇಳುತ್ತಾನೆ, ಆಟೋದವನು ಹೇಳುತ್ತಾನೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತ ಸಂಬಂಧಿಕರೂ ಹೇಳುತ್ತಾರೆ. ಇಷ್ಟು ಜನ ಪುಕ್ಕಟೆ ಹೇಳುತ್ತಿರುವಾಗ ಸರ್ಕಾರ ಪರೀಕ್ಷೆ ಮಾಡಿ, ರಿಜಿಸ್ಟ್ರೇಷನ್ ನಂಬರ್ ಕೊಟ್ಟು ನಮ್ಮಂಥ ವ್ಯಾಲ್ಯುಯರ್‌ಗಳನ್ನು, ಅಂದರೆ ಆಸ್ತಿಗೆ ಬೆಲೆ ಕಟ್ಟುವವರನ್ನು, ಯಾಕೆ ಇಟ್ಟುಕೊಂಡಿದೆ?

ಅವರಲ್ಲಿ ಯಾರನ್ನಾದರೂ, "ಈಗ ಹೇಳಿದ್ದನ್ನೇ ಬರೆದು ಸಹಿ ಹಾಕಿಕೊಡಿ" ಅಂತ ಕೇಳಿ ನೋಡಿ. "ಅಯ್ಯೋ, ನಾನು ಕೇಳಿದ್ದು ಹೇಳಿದೆ ಅಷ್ಟೇ" ಅಂತ ಎದ್ದು ಹೋಗುತ್ತಾರೆ. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ. ಬೆಲೆ ಹೇಳುವುದಕ್ಕೆ ನಮಗೆ ಫೀಸು ಕೊಡುತ್ತಾರೆ ಅಂತ ಜನ ಅಂದುಕೊಂಡಿದ್ದಾರೆ. ನಿಜವಾಗಿ ಕೊಡುವುದು ಆ ಬೆಲೆ ಯಾಕೆ ಅಂತ ಬರೆದು, ನಾಳೆ ಕೋರ್ಟಿನಲ್ಲಿ ವಕೀಲರು ಕೇಳಿದರೂ ಅದೇ ಉತ್ತರ ಕೊಡುವುದಕ್ಕೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಮೊದಲು ಲೈಸೆನ್ಸಿನ ವಿಷಯ ಮುಗಿಸಿಬಿಡೋಣ. ಬಹಳ ಜನ ಇಲ್ಲಿ ಬಂದಿರುವುದೇ ಅದಕ್ಕೆ ಅಂತ ನನಗೂ ಗೊತ್ತು.

ನಮ್ಮ ದೇಶದಲ್ಲಿ ಕಟ್ಟಡ, ಜಮೀನು ವ್ಯಾಲ್ಯುಯೇಷನ್‌ಗೆ ಎರಡು ಬಾಗಿಲುಗಳಿವೆ. ಹಳೆಯದು 1957ರ ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ಸೆಕ್ಷನ್. ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳುವುದು. ತಮಾಷೆ ನೋಡಿ, ಸಂಪತ್ತು ತೆರಿಗೆಯನ್ನೇ 2015ರ ಬಜೆಟ್‌ನಲ್ಲಿ ತೆಗೆದುಹಾಕಿದರು, ವ್ಯಾಲ್ಯುಯರ್ ಮಾತ್ರ ಉಳಿದುಕೊಂಡರು. ಆಸ್ತಿ ಮಾರಿದಾಗ ಬರುವ ಲಾಭದ ತೆರಿಗೆ ಲೆಕ್ಕಕ್ಕೆ ಅವರ ರಿಪೋರ್ಟ್ ಬೇಕು. ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕು ಸರ್ಫೇಸಿ ಕಾಯ್ದೆಯಲ್ಲಿ ಹರಾಜು ಹಾಕುವಾಗ ಕನಿಷ್ಠ ಬೆಲೆ ನಿಗದಿ ಮಾಡಲು ಬೇಕಾದ 'ಅಪ್ರೂವ್ಡ್ ವ್ಯಾಲ್ಯುಯರ್' ಅಂದರೂ ಇದೇ 34ಎಬಿ ಪಟ್ಟಿಯವರು. ಇದಕ್ಕೆ ಡಿಗ್ರಿ ಜೊತೆಗೆ ಸಾಮಾನ್ಯವಾಗಿ ಹತ್ತು ವರ್ಷದ ಅನುಭವ ಕೇಳುತ್ತಾರೆ. ನಿಮ್ಮ ವಯಸ್ಸಿನವರಿಗೆ ಸದ್ಯಕ್ಕೆ ದೂರದ ಮಾತು.

ಹೊಸ ಬಾಗಿಲು 2013ರ ಕಂಪನಿ ಕಾಯ್ದೆಯ 247ನೇ ಸೆಕ್ಷನ್. ಅದರ ನಿಯಮಗಳು ಬಂದದ್ದು 2017ರ ಅಕ್ಟೋಬರ್‌ನಲ್ಲಿ. ನೋಡಿಕೊಳ್ಳುವುದು ಐಬಿಬಿಐ, ಅಂದರೆ ಇನ್ಸಾಲ್ವೆನ್ಸಿ ಅಂಡ್ ಬ್ಯಾಂಕ್ರಪ್ಸಿ ಬೋರ್ಡ್ ಆಫ್ ಇಂಡಿಯಾ. ಇಲ್ಲಿ ಮೂರು ವಿಭಾಗ ಇವೆ: ಜಮೀನು ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಮುಂತಾದ ಹಣಕಾಸಿನ ಆಸ್ತಿ. ನಮಗೆ ಸಂಬಂಧಪಟ್ಟದ್ದು ಮೊದಲನೆಯದು. ಸಿವಿಲ್, ಆರ್ಕಿಟೆಕ್ಚರ್ ಅಥವಾ ನಗರ ಯೋಜನೆಯಲ್ಲಿ ಡಿಗ್ರಿ ಇದ್ದರೆ ಐದು ವರ್ಷದ ಅನುಭವ ಬೇಕು. ಪಿಜಿ ಮಾಡಿದ್ದರೆ ಮೂರು ವರ್ಷ ಸಾಕು.

ದಾರಿ ಹೀಗಿದೆ. ಐಬಿಬಿಐ ಮಾನ್ಯತೆ ಇರುವ ಒಂದು ವ್ಯಾಲ್ಯುಯರ್ಸ್ ಸಂಸ್ಥೆಗೆ, ಆರ್‌ವಿಒ ಅಂತ ಕರೀತಾರೆ, ಸದಸ್ಯರಾಗಬೇಕು. ಅಲ್ಲಿ 50 ಗಂಟೆಯ ತರಬೇತಿ ಮುಗಿಸಬೇಕು. ಆಮೇಲೆ ಪರೀಕ್ಷೆ: ಕಂಪ್ಯೂಟರ್ ಮುಂದೆ ಎರಡು ಗಂಟೆ, 100 ಅಂಕ, 60 ಬಂದರೆ ಪಾಸ್, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಕಾಲು ಭಾಗ ಕಟ್. ಪಾಸಾದ ಮೂರು ವರ್ಷದೊಳಗೆ ಆರ್‌ವಿಒ ಶಿಫಾರಸು ಹಿಡಿದು ಐಬಿಬಿಐಗೆ ಅರ್ಜಿ ಹಾಕಬೇಕು. ಸುಮ್ನೆ ಸರ್ಟಿಫಿಕೇಟ್ ತೆಗೆದು ಬೀರುವಿನಲ್ಲಿ ಇಟ್ಟುಕೊಂಡು ಐದು ವರ್ಷ ಬಿಟ್ಟು ಬಂದರೆ ಮತ್ತೆ ಪರೀಕ್ಷೆ ಬರೆಯಬೇಕಾಗುತ್ತದೆ.

ಪರೀಕ್ಷೆಯಲ್ಲಿ ನಮ್ಮವರು ಎಡವುವುದು ಎಲ್ಲಿ ಅಂತ ಹೇಳುತ್ತೇನೆ. ಸಿವಿಲ್‌ನವರಿಗೆ ಕಾಂಕ್ರೀಟು, ಅಂದಾಜು ಪಟ್ಟಿ, ಸವಕಳಿ ಇವೆಲ್ಲ ಸಲೀಸು. ಆದರೆ ಪತ್ರಿಕೆಯಲ್ಲಿ ಅರ್ಥಶಾಸ್ತ್ರ ಇದೆ, ಅಕೌಂಟ್ಸ್ ಇದೆ, ಅಂಕಿಅಂಶ ಶಾಸ್ತ್ರ ಇದೆ. ಎಲ್ಲಕ್ಕಿಂತ ಜಾಸ್ತಿ ಕಾನೂನು ಇದೆ: 1882ರ ಆಸ್ತಿ ವರ್ಗಾವಣೆ ಕಾಯ್ದೆ, ಬೇರೆಯವರ ಜಾಗದಲ್ಲಿ ದಾರಿ, ನೀರಿನಂಥ ಹಕ್ಕುಗಳನ್ನು ಹೇಳುವ ಅದೇ ವರ್ಷದ ಈಸ್‌ಮೆಂಟ್ ಕಾಯ್ದೆ, 2013ರ ಭೂಸ್ವಾಧೀನ ಕಾಯ್ದೆ, ರಿಯಲ್ ಎಸ್ಟೇಟ್ ಯೋಜನೆಗಳನ್ನು ನಿಯಂತ್ರಿಸುವ ರೇರಾ. 'ನಾನು ಇಂಜಿನಿಯರ್, ನನಗ್ಯಾಕೆ ಕಾನೂನು' ಅಂತ ಈ ಪಾಠಗಳನ್ನು ಬಿಟ್ಟವರು ಬಹಳ ಜನ ಎರಡನೇ ಸಲ ಫೀಸು ಕಟ್ಟುತ್ತಾರೆ. ಮನೆಯ ಗೋಡೆಗಿಂತ ಮನೆಯ ಹಕ್ಕಿಗೆ ಬೆಲೆ ಜಾಸ್ತಿ. ಅದೇ ಗೋಡೆ, ಅದೇ ತಾರಸಿ. ಒಂದು ಸ್ವಂತದ್ದು, ಇನ್ನೊಂದು ಲೀಸಿನ ಜಾಗದಲ್ಲಿ ಕಟ್ಟಿದ್ದು ಅಂದರೆ ಬೆಲೆ ಒಂದೇ ಆಗುತ್ತಾ?

ಈ ವ್ಯವಸ್ಥೆಯಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಅದನ್ನು ಹೇಳದೇ ಮುಂದೆ ಹೋದರೆ ನಿಮಗೆ ಪ್ರಯೋಜನ ಇಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲಿ ಸೇವಿಂಗ್ಸ್ ಅಂಡ್ ಲೋನ್ ಅನ್ನುವ ಮನೆಸಾಲದ ಸಂಸ್ಥೆಗಳು ಸಾಲುಸಾಲಾಗಿ ಮುಳುಗಿದವು. ಉಬ್ಬಿಸಿ ಬರೆದ ವ್ಯಾಲ್ಯುಯೇಷನ್ ನಂಬಿ ಕೊಟ್ಟ ಸಾಲಗಳು ಅದಕ್ಕೆ ಒಂದು ಕಾರಣ. 1989ರಲ್ಲಿ ಕಾನೂನು ತಂದು ವ್ಯಾಲ್ಯುಯರ್‌ಗಳಿಗೆ ರಾಜ್ಯದ ಲೈಸೆನ್ಸ್ ವ್ಯವಸ್ಥೆ ಮಾಡಿದರು. ಅಲ್ಲಿ ಮನೆಗಳ ವ್ಯಾಲ್ಯುಯೇಷನ್‌ಗೆ ಸಿಗುವ ಮೊದಲ ಹಂತದ ಲೈಸೆನ್ಸಿಗೆ 150 ಗಂಟೆ ಪಾಠ, ಅದರ ಜೊತೆಗೆ 1,000 ಗಂಟೆ ಒಬ್ಬ ಹಿರಿಯ ವ್ಯಾಲ್ಯುಯರ್ ಕೈಕೆಳಗೆ ಕೆಲಸ. ಡಿಗ್ರಿ ಕೇಳುವುದಿಲ್ಲ, ಕೆಲಸ ಕಲಿತಿದ್ದೀರಾ ಅಂತ ಕೇಳುತ್ತಾರೆ. ನಮ್ಮಲ್ಲಿ ಡಿಗ್ರಿ, ಅನುಭವ ಎರಡೂ ಕೇಳುತ್ತಾರೆ. ಆದರೆ ಐದು ವರ್ಷ ಬರೀ ಸೇತುವೆ ಕಟ್ಟಿದವನಿಗೂ ಅನುಭವ ಇದೆ. ಅವನು ಒಂದೇ ಒಂದು ಕ್ರಯಪತ್ರ ಓದಿರುವುದಿಲ್ಲ.

ಹಾಗಾಗಿ ನನ್ನ ಸಲಹೆ ಏನೆಂದರೆ, ಈ ಐದು ವರ್ಷದಲ್ಲಿ ಒಂದು ಭಾಗವನ್ನಾದರೂ ಯಾರಾದರೂ ಒಳ್ಳೆಯ ವ್ಯಾಲ್ಯುಯರ್ ಜೊತೆ ಕಳೆಯಿರಿ. ಸಂಬಳ ಕಡಿಮೆ ಇರುತ್ತದೆ, ಟೇಪ್ ಹಿಡಿಯುವ ಕೆಲಸ ಕೊಡುತ್ತಾರೆ. ಟೇಪ್ ಹಿಡಿಯಿರಿ.

ಟೇಪ್ ಹಿಡಿಯುವುದರಲ್ಲಿ ಏನಿದೆ ಅಂತ ಈಗ ತೋರಿಸುತ್ತೇನೆ. ಊರಂಚಿನ ಒಂದು ಲೇಔಟ್. ಬ್ಯಾಂಕಿಂದ ಕಾಗದ ಬಂದಿದೆ, 30-40 ಸೈಟು, ಮಾಲೀಕರು ಕಾರಲ್ಲಿ ಕರೆದುಕೊಂಡು ಹೋಗುತ್ತಾರೆ. ಮೂಲೆ ಸೈಟು, ಎರಡು ಕಡೆ ರಸ್ತೆ, ಎದುರಿಗೆ ಪಾರ್ಕು. "ಇದೇ ಮೇಡಂ" ಅನ್ನುತ್ತಾರೆ. ಫೋಟೋ ತೆಗೆದು ವಾಪಸ್ ಬಂದರೆ ಹತ್ತು ನಿಮಿಷದ ಕೆಲಸ. ಆದರೆ ನೀವು ಕ್ರಯಪತ್ರ ತೆಗೆದು ಚಕ್ಕುಬಂದಿ ಓದಬೇಕು, ಅಲ್ಲೇ, ಸೈಟಿನ ಮೇಲೆ ನಿಂತು, ಜೋರಾಗಿ. ಪೂರ್ವಕ್ಕೆ ರಸ್ತೆ. ಸರಿ, ಇದೆ. ಪಶ್ಚಿಮಕ್ಕೆ ಇನ್ನೊಬ್ಬರ ಸೈಟು. ಇದೆ. ಉತ್ತರಕ್ಕೆ ಸೈಟ್ ನಂಬರ್ ಇಂತಿಷ್ಟು, ದಕ್ಷಿಣಕ್ಕೂ ಸೈಟ್ ನಂಬರ್ ಇಂತಿಷ್ಟು. ಈಗ ತಲೆ ಎತ್ತಿ ನೋಡಿದರೆ ದಕ್ಷಿಣಕ್ಕೆ ರಸ್ತೆ ಇದೆ. ಪತ್ರದಲ್ಲಿ ಒಂದೇ ಕಡೆ ರಸ್ತೆ, ಕಾಲ ಕೆಳಗೆ ಎರಡು ಕಡೆ. ಅಂದರೆ ನೀವು ನಿಂತಿರುವುದು ಬೇರೆಯವರ ಸೈಟಿನಲ್ಲಿ. ಇವರದ್ದು ಒಳಗಡೆ ಎಲ್ಲೋ ಇದೆ.

ಎಲ್ಲ ಸಲವೂ ಇದು ಮೋಸವೇ ಆಗಿರುವುದಿಲ್ಲ. ಎಷ್ಟೋ ಜನರಿಗೆ ತಮ್ಮ ಸೈಟು ಯಾವುದು ಅಂತಲೇ ಗೊತ್ತಿರುವುದಿಲ್ಲ. ಹತ್ತು ವರ್ಷದ ಹಿಂದೆ ಕಲ್ಲು ನೆಟ್ಟಿದ್ದರು, ಕಲ್ಲನ್ನು ಯಾರೋ ಕಿತ್ತಿದ್ದಾರೆ, ಲಾಂಟಾನ ಬೆಳೆದಿದೆ. ಮೋಸ ಇರಲಿ ಮರೆವು ಇರಲಿ, ನೀವು ಸಹಿ ಹಾಕಿದ ಮೇಲೆ ಅದು ನಿಮ್ಮ ತಲೆ ಮೇಲೆ. ಮನೆ ಕಟ್ಟಿದ್ದರೆ ಬೆಸ್ಕಾಂ ಬಿಲ್ಲಿನ ಆರ್‌ಆರ್ ನಂಬರನ್ನು ಮೀಟರಿನ ಜೊತೆ ತಾಳೆ ನೋಡಿ. ಪಕ್ಕದ ಮನೆಯವರನ್ನು ಸುಮ್ನೆ ಮಾತಾಡಿಸಿ. "ಈ ಮನೆ ಯಾರದು?" ಅನ್ನುವ ಒಂದು ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ಕಡತಗಳಲ್ಲಿ ಇರುವುದಿಲ್ಲ.

ಹಳ್ಳಿ ಕಡೆ ಜಮೀನಾದರೆ ದಿಶಾಂಕ್ ಆ್ಯಪ್ ತೆರೆದು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ನೋಡಿ. ಅದು ಅಂದಾಜಿಗೆ ಮಾತ್ರ, ಗಡಿ ತೀರ್ಮಾನ ಮಾಡುವುದಕ್ಕಲ್ಲ. ಗಡಿ ಬೇಕು ಅಂದರೆ ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಅಳತೆ, ಮಾಡಿಸಬೇಕು. ಪಹಣಿಯಲ್ಲಿ ವಿಸ್ತೀರ್ಣದ ಕೆಳಗೆ ಖರಾಬು, ಅಂದರೆ ಸಾಗುವಳಿಗೆ ಬಾರದ ಭಾಗ, ಎಷ್ಟಿದೆ ನೋಡಿ. 2 ಎಕರೆ 10 ಗುಂಟೆ ಅಂತ ಮಾಲೀಕರು ಹೇಳುತ್ತಾರೆ, ಅದರಲ್ಲಿ 12 ಗುಂಟೆ 'ಬ' ಖರಾಬು ಇದ್ದರೆ ಅದು ದಾರಿಯೋ ಹಳ್ಳವೋ ಆಗಿರುತ್ತದೆ. ಅದಕ್ಕೆ ಮಾಲೀಕರ ಲೆಕ್ಕದಲ್ಲಿ ಬೆಲೆ ಕಟ್ಟುವ ಹಾಗಿಲ್ಲ. ಜಮೀನು ಮಂಜೂರಾತಿಯಿಂದ ಬಂದದ್ದಾ ಅಂತ ಮೂಲ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟ ನಿಲ್ಲುವುದಿಲ್ಲ. ಹಕ್ಕು ಸರಿ ಇದೆಯಾ ಅಂತ ತೀರ್ಪು ಕೊಡುವುದು ವಕೀಲರ ಕೆಲಸ, ಒಪ್ಪುತ್ತೇನೆ. ಆದರೆ ಕಣ್ಣಿಗೆ ಬಿದ್ದದ್ದನ್ನು ಬರೆಯುವುದು ನಮ್ಮದು.

ಈಗ ಬೆಲೆಗೆ ಬರೋಣ.

ಪುಸ್ತಕದಲ್ಲಿ ಮೂರು ದಾರಿ ಹೇಳುತ್ತಾರೆ. ಅಕ್ಕಪಕ್ಕ ಮಾರಾಟವಾದದ್ದನ್ನು ನೋಡಿ ಹೋಲಿಸುವುದು ಒಂದು. ಇವತ್ತು ಹೊಸದಾಗಿ ಕಟ್ಟಿದರೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ ಸವಕಳಿ ಕಳೆಯುವುದು ಇನ್ನೊಂದು. ಆಸ್ತಿಯಿಂದ ಬರುವ ಆದಾಯದಿಂದ ಬೆಲೆ ಕಟ್ಟುವುದು ಮೂರನೆಯದು. ಪ್ರಪಂಚದಲ್ಲೆಲ್ಲ ಇವು ಮೂರೇ. ನಮ್ಮ ಜಿಲ್ಲೆಯಲ್ಲಿ ಮೂರಕ್ಕೂ ಬೇರೆ ಬೇರೆ ಕಾಯಿಲೆ.

ಹೋಲಿಕೆಯ ಕಾಯಿಲೆ ನಿಮಗೆಲ್ಲ ಗೊತ್ತು. ಕ್ರಯಪತ್ರದಲ್ಲಿ ಬರೆಯುವುದು ಒಂದು, ಕೈಗೆ ಕೊಡುವುದು ಇನ್ನೊಂದು. ನೋಂದಣಿ ಇಲಾಖೆಯ 'ಕಾವೇರಿ' ವೆಬ್‌ಸೈಟಿನಲ್ಲಿ ಸಿಗುವ ಮಾರಾಟಗಳೆಲ್ಲ ಗೈಡೆನ್ಸ್ ವ್ಯಾಲ್ಯೂ, ಅಂದರೆ ಮುದ್ರಾಂಕ ಶುಲ್ಕಕ್ಕೆ ಸರ್ಕಾರ ನಿಗದಿ ಮಾಡಿದ ಬೆಲೆಯ, ಹತ್ತಿರ ಹತ್ತಿರ ನಿಂತಿರುತ್ತವೆ. ಬ್ರೋಕರ್ ಹೇಳುವುದು ಅದಕ್ಕಿಂತ ಎಷ್ಟೋ ಮೇಲೆ. ಬ್ರೋಕರ್ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಾಲೀಕ ಕೇಳುತ್ತಿರುವ ಬೆಲೆಯನ್ನೇ ಮಾರಾಟವಾದ ಬೆಲೆ ಅಂತ ಹೇಳುವುದು ಅವರ ಅಭ್ಯಾಸ. ಹಾಗಾಗಿ ಕೇಳುವಾಗ, "ಎಷ್ಟಕ್ಕೆ ಹೋಗ್ತಿದೆ?" ಅನ್ನಬೇಡಿ. "ಯಾವ ಸೈಟು ಹೋಯ್ತು, ಯಾವಾಗ ಹೋಯ್ತು, ತಗೊಂಡವರು ಯಾರು?" ಅಂತ ಕೇಳಿ. ಮೂರಕ್ಕೂ ಉತ್ತರ ಬಂದರೆ ಅದನ್ನು ನೋಟ್ ಮಾಡಿಕೊಳ್ಳಿ. ಬರದಿದ್ದರೆ ಕಾಫಿ ದುಡ್ಡು ಕೊಟ್ಟು ಎದ್ದು ಬನ್ನಿ.

ಊರಿನ ಸುತ್ತ ಇನ್ನೊಂದು ಲೆಕ್ಕ ಓಡಾಡುತ್ತಿದೆ. ಎಕರೆಗೆ 43,560 ಚದರಡಿ. 30-40 ಸೈಟು ಅಂದರೆ 1,200. ಭಾಗಿಸಿದರೆ 36 ಸೈಟು. ಒಂದು ಸೈಟಿಗೆ ಇಂತಿಷ್ಟು, ಹಾಗಾದರೆ ನನ್ನ ಎಕರೆಗೆ ಇಂತಿಷ್ಟು ಕೋಟಿ! ರೈತರಷ್ಟೇ ಅಲ್ಲ, ಓದಿದವರೂ ಹೀಗೆ ಹೇಳುತ್ತಾರೆ. ರಸ್ತೆ ಬಿಡಬೇಕು, ಪಾರ್ಕಿಗೆ ಬಿಡಬೇಕು, ಸಾರ್ವಜನಿಕ ಉಪಯೋಗಕ್ಕೆ ಬಿಡಬೇಕು. ನೂರರಲ್ಲಿ 55 ಭಾಗ ಸೈಟಿಗೆ ಸಿಕ್ಕಿತು ಅಂತ ಹಿಡಿದರೂ 20 ಸೈಟು, ಅಷ್ಟೇ. ಅದಕ್ಕೂ ಭೂ ಪರಿವರ್ತನೆ ಆಗಬೇಕು, ಟೂಡಾ, ಅಂದರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ, ವ್ಯಾಪ್ತಿಯಲ್ಲಿದ್ದರೆ ಅವರ ಅನುಮೋದನೆ ಬೇಕು, ಚರಂಡಿ, ಕರೆಂಟು, ನೀರು ಹಾಕಿಸಬೇಕು. ಆಮೇಲೆ ಸೈಟುಗಳು ಒಂದೇ ದಿನ ಮಾರಾಟ ಆಗುವುದಿಲ್ಲ. ನಾಲ್ಕೈದು ವರ್ಷ ಬಡ್ಡಿ ಕಟ್ಟಿಕೊಂಡು ಕೂರಬೇಕು. ಇಷ್ಟನ್ನೂ ಕಳೆದ ಮೇಲೆ ಉಳಿಯುವುದು ಹಸಿ ಜಮೀನಿನ ಬೆಲೆ.

ಮತ್ತೆ ನಿರೀಕ್ಷೆಯ ಬೆಲೆ ಅಂತ ಒಂದಿದೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ವಸಂತನರಸಾಪುರದಲ್ಲಿ ಚೆನ್ನೈ-ಬೆಂಗಳೂರು ಕಾರಿಡಾರಿನ ಕೈಗಾರಿಕಾ ಟೌನ್‌ಶಿಪ್ ಇದೆ. ಇವು ಕಣ್ಣಿಗೆ ಕಾಣುವ ಸಂಗತಿಗಳು, ಬೆಲೆಗೆ ಕಾರಣ ಆಗಬಹುದು. ಮೆಟ್ರೋ ಮಾದಾವರದವರೆಗೆ 2024ರ ನವೆಂಬರ್‌ನಲ್ಲಿ ಬಂತು. ಅಲ್ಲಿಂದ ತುಮಕೂರಿಗೆ ತರುವ ಮಾತು ನಡೆಯುತ್ತಿದೆ. ಜನ ಆಗಲೇ ಸ್ಟೇಷನ್ ಎಲ್ಲಿ ಬರುತ್ತದೆ ಅಂತ ಹೇಳಿ ಬೆಲೆ ಕೇಳುತ್ತಿದ್ದಾರೆ. ಕೊಳ್ಳುವವರು ಆ ಮಾತು ನಂಬಿ ನಿಜವಾಗಿಯೂ ಜಾಸ್ತಿ ಕೊಟ್ಟಿದ್ದರೆ, ಕೊಟ್ಟಿದ್ದಾರೆ ಅಂತ ತೋರಿಸಲು ನಿಮ್ಮ ಹತ್ತಿರ ಮಾರಾಟ ಇದ್ದರೆ, ಬರೆಯಿರಿ. ಇಲ್ಲದಿದ್ದರೆ ಮೆಟ್ರೋ ನಿಮ್ಮ ರಿಪೋರ್ಟಿಗೆ ಬರಬೇಕಾಗಿಲ್ಲ.

ಆದಾಯದ ದಾರಿಗೆ ತೆಂಗಿನ ತೋಟಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇಲ್ಲ. ಸ್ವಲ್ಪ ನಿಧಾನವಾಗಿ ನೋಡೋಣ.

30 ಅಡಿಗೊಂದು ಗಿಡ ಅಂದರೆ ಎಕರೆಗೆ 48 ಮರ. ಮರಕ್ಕೆ ವರ್ಷಕ್ಕೆ 100 ಕಾಯಿ ಅಂತ ಇಟ್ಟುಕೊಳ್ಳಿ, 4,800 ಕಾಯಿ. ಅದರಿಂದ ಏಳು ಕ್ವಿಂಟಾಲ್ ಉಂಡೆ ಕೊಬ್ಬರಿ, ಖರ್ಚು 40,000 ಅಂತ ಹಿಡಿಯೋಣ. ಇವೆಲ್ಲ ಲೆಕ್ಕಕ್ಕೆ ಹಿಡಿದ ಅಂಕಿಗಳು. ನಿಜವಾದ ತೋಟದಲ್ಲಿ ನೀವೇ ಹುಡುಕಬೇಕು. ಈಗ ಕೊಬ್ಬರಿ ಬೆಲೆ ಯಾವುದು ಹಾಕುತ್ತೀರಿ? 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿ ರೈತರು ಬೀದಿಗಿಳಿದಿದ್ದರು. 2025ರಲ್ಲಿ ಬೆಂಬಲ ಬೆಲೆ 12,100. ಮಾರುಕಟ್ಟೆ ಅದರ ಎರಡು ಪಟ್ಟು ದಾಟಿತ್ತು. ಎರಡೇ ವರ್ಷದ ಅಂತರ!

9,000 ಹಾಕಿದರೆ 63,000 ಬರುತ್ತದೆ, ಖರ್ಚು ಕಳೆದು 23,000. ಶೇಕಡಾ 5ರ ದರದಲ್ಲಿ, ಅಂದರೆ ವರ್ಷದ ಆದಾಯ ಜಮೀನಿನ ಬೆಲೆಯ ನೂರಕ್ಕೆ 5 ಭಾಗ ಅಂತ ಹಿಡಿದು, ಬೆಲೆ ಕಟ್ಟಿದರೆ ಎಕರೆಗೆ 4 ಲಕ್ಷ 60 ಸಾವಿರ. 25,000 ಹಾಕಿದರೆ 1,75,000 ಬರುತ್ತದೆ, ಖರ್ಚು ಕಳೆದು 1,35,000. ಅದೇ ದರದಲ್ಲಿ ಎಕರೆಗೆ 27 ಲಕ್ಷ. ಅದೇ ತೋಟ, ಅದೇ ಮರ, ಅದೇ ಮಣ್ಣು. ಎರಡೂ ರಿಪೋರ್ಟಿನಲ್ಲಿ ಲೆಕ್ಕ ತಪ್ಪಿಲ್ಲ. ಬ್ಯಾಂಕಿನವರು ಎರಡನೆಯದನ್ನು ನಂಬಿ ಸಾಲ ಕೊಟ್ಟು, ಮತ್ತೆ 2023ರಂಥ ವರ್ಷ ಬಂದರೆ? ಅದಕ್ಕೇ ಒಂದು ವರ್ಷದ ಬೆಲೆ ಹಾಕಬಾರದು, ಹಲವು ವರ್ಷದ ಸರಾಸರಿ ಹಾಕಬೇಕು. ಯಾವ ಯಾವ ವರ್ಷ ತಗೊಂಡೆ, ಯಾಕೆ ತಗೊಂಡೆ ಅಂತ ಒಂದು ಸಾಲು ಬರೆಯಬೇಕು. ಆ ಒಂದು ಸಾಲು ಇಲ್ಲದ ರಿಪೋರ್ಟ್ ನನ್ನ ಕಣ್ಣಿಗೆ ಖಾಲಿ ಹಾಳೆ.

ಇಳುವರಿ ಎಷ್ಟು ಅಂತ ಮಾಲೀಕರನ್ನು ಕೇಳಿದರೆ ಸಾಲಕ್ಕೆ ಬಂದವರು ಜಾಸ್ತಿ ಹೇಳುತ್ತಾರೆ, ಪಾಲಿಗೆ ಬಂದವರು ಕಡಿಮೆ ಹೇಳುತ್ತಾರೆ. ಅಟ್ಟ ಹತ್ತಿ ನೋಡಿ. ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಲು ಬಿಟ್ಟಿರುತ್ತಾರೆ. ಎಷ್ಟು ರಾಶಿ ಇದೆ, ಯಾವ ಕೊಯ್ಲಿನದು ಅಂತ ಕೇಳಿದರೆ ಅಂದಾಜು ಸಿಗುತ್ತದೆ. ತೋಟದಲ್ಲಿ ಗರಿಯ ಅಡಿಭಾಗ ತಿರುಗಿಸಿ ನೋಡಿ, ಬಿಳಿನೊಣ ಇದ್ದರೆ ಕೆಳಗಿನ ಗರಿಗಳ ಮೇಲೆ ಕಪ್ಪು ಮಸಿ ಕೂತಿರುತ್ತದೆ. ಕಾಂಡದಲ್ಲಿ ಕೆಂಪು ರಸ ಸೋರಿದ ಗುರುತು ಇದೆಯಾ ನೋಡಿ. ಬೋರು ಎಷ್ಟು ಅಡಿ ಅಂತ ಕೇಳಿ ಬರೆದುಕೊಂಡು ಬಂದರೆ ಸಾಲದು, ಮೋಟ್ರು ಹಾಕಿಸಿ. ಮೊದಲ ಹತ್ತು ನಿಮಿಷ ಎಲ್ಲ ಬೋರಿನಲ್ಲೂ ನೀರು ಬರುತ್ತದೆ. ಇನ್ನೂ ಸ್ವಲ್ಪ ಹೊತ್ತು ನಿಲ್ಲಿ.

ಮರಗಳ ಬೆಲೆಯನ್ನು ನಾವೇ ಕಟ್ಟಬೇಕಾ ಅಂತ ಕೇಳಬಹುದು. 2013ರ ಭೂಸ್ವಾಧೀನ ಕಾಯ್ದೆಯಲ್ಲೇ ಮರಗಿಡಗಳ ಬೆಲೆಗೆ ಕೃಷಿ, ಅರಣ್ಯ, ತೋಟಗಾರಿಕೆ ಬಲ್ಲವರ ಸಹಾಯ ತೆಗೆದುಕೊಳ್ಳಬಹುದು ಅಂತ ಇದೆ. ಜಿಲ್ಲಾಧಿಕಾರಿಗೇ ಆ ಸಹಾಯ ಬೇಕಾದ ಮೇಲೆ ನಮಗೆ ನಾಚಿಕೆ ಯಾಕೆ?

ಮೂರನೇ ಉದಾಹರಣೆ ಪೇಟೆಯದು, ಕಟ್ಟುವ ಖರ್ಚಿನಿಂದ ಸವಕಳಿ ಕಳೆಯುವ ದಾರಿಗೆ. ಬೇಗ ಹೇಳುತ್ತೇನೆ. ಹಳೇ ಬಡಾವಣೆಯಲ್ಲಿ 40-60 ಸೈಟು, 10 ಚದರದ ತಾರಸಿ ಮನೆ, 45 ವರ್ಷ ಆಗಿದೆ. ಇವತ್ತು ಅಂಥದೇ ಕಟ್ಟಲು ಚದರಡಿಗೆ 2,000 ಅಂತ ಹಿಡಿದರೆ 20 ಲಕ್ಷ. ಮನೆಯ ಒಟ್ಟು ಆಯಸ್ಸು 60 ವರ್ಷ, ಕೊನೆಗೆ ಉಳಿಯುವ ಬೆಲೆ ನೂರಕ್ಕೆ 10 ಅಂತ ಇಟ್ಟರೆ ಸವಕಳಿ 67.5 ಭಾಗ. ಕಟ್ಟಡಕ್ಕೆ ಉಳಿದದ್ದು ಆರೂವರೆ ಲಕ್ಷ. ಮಾಲೀಕರಿಗೆ ಬೇಜಾರಾಗುತ್ತದೆ. "ಅಪ್ಪ ನಿಂತು ಕಟ್ಟಿಸಿದ್ದು ಮೇಡಂ, ತೇಗದ ಬಾಗಿಲು" ಅನ್ನುತ್ತಾರೆ. ತೇಗದ ಬಾಗಿಲಿಗೆ ಬೆಲೆ ಸೇರಿಸಿ, ಅಪ್ಪ ನಿಂತಿದ್ದಕ್ಕೆ ಸೇರಿಸಲು ಬರುವುದಿಲ್ಲ. ಆದರೆ ಇಷ್ಟು ಮೆಲ್ಲಗೆ ಹೇಳುವುದನ್ನು ಕಲಿಯಿರಿ.

ಅದೇ ಮನೆ ಮಾರಿದರೆ ಲಾಭದ ತೆರಿಗೆ ಲೆಕ್ಕಕ್ಕೆ ಅವರಿಗೆ ಇನ್ನೊಂದು ರಿಪೋರ್ಟ್ ಬೇಕಾಗುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಬಂದ ಆಸ್ತಿಯಾದರೆ ಆ ದಿನದ ಬೆಲೆಯನ್ನು ಕೊಂಡ ಬೆಲೆ ಅಂತ ಹಿಡಿಯಬಹುದು. ಆ ದಿನದ ಬೆಲೆ 4 ಲಕ್ಷ ಅಂತ ಬಂದರೆ, 2001ರ ಬೆಲೆಯನ್ನು 100 ಅಂತ ಹಿಡಿದು ಸರ್ಕಾರ ಕೊಡುವ ಹಣದುಬ್ಬರದ ಸೂಚ್ಯಂಕ, 2025-26ರದ್ದು 376, ಅದರಿಂದ ಲೆಕ್ಕ ಹಾಕಿದಾಗ 15 ಲಕ್ಷ ಚಿಲ್ಲರೆ ಆಗುತ್ತದೆ. 2024ರ ಜುಲೈ 23ರ ಆಚೆ ಮಾರಿದವರಿಗೆ ಸೂಚ್ಯಂಕ ಹಿಡಿದು ಶೇಕಡಾ 20, ಹಿಡಿಯದೆ ಶೇಕಡಾ 12.5, ಇವೆರಡರಲ್ಲಿ ಯಾವ ತೆರಿಗೆ ಕಡಿಮೆಯೋ ಅದು. ಈ ಆಯ್ಕೆ ಆ ದಿನಕ್ಕಿಂತ ಮೊದಲು ಆಸ್ತಿ ಹೊಂದಿದ್ದ, ಇಲ್ಲೇ ವಾಸವಿರುವ ವ್ಯಕ್ತಿಗಳಿಗೆ ಮತ್ತು ಅವಿಭಕ್ತ ಕುಟುಂಬಗಳಿಗೆ. ಹಾಗಾಗಿ ಎಲ್ಲರೂ 2001ರ ಬೆಲೆ ಜಾಸ್ತಿ ಬರಲಿ ಅಂತಲೇ ಬರುತ್ತಾರೆ. ಆ ದಿನದ ಮುದ್ರಾಂಕ ಬೆಲೆ ಸಿಕ್ಕರೆ ಅದನ್ನು ಮೀರುವ ಹಾಗಿಲ್ಲ ಅಂತ 2020ರಲ್ಲಿ ತಿದ್ದುಪಡಿ ಬಂತು. ಕಾವೇರಿಯಲ್ಲಿ ಆನ್‌ಲೈನ್ ಇಸಿ, ಅಂದರೆ ಋಣಭಾರ ಪತ್ರ, ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಕಾಯಬೇಕು. ಇಂಥ ಕೆಲಸಕ್ಕೆ ತಾಳ್ಮೆ ಇರುವವರು ಕಡಿಮೆ, ಆದ್ದರಿಂದ ಫೀಸು ಚೆನ್ನಾಗಿದೆ.

ಈಗ ಒಂದೇ ಮನೆಗೆ ಎರಡು ಬೆಲೆ ಬಂತು ನೋಡಿ. ಇವತ್ತಿನದು ಒಂದು, 2001ರದ್ದು ಒಂದು. ಹರಾಜಿಗೆ ಅಂದರೆ ಮೂರನೆಯದು. ಎಲ್ಲವೂ ಸರಿಯೇ. ಯಾವ ದಿನಕ್ಕೆ, ಯಾವ ಉದ್ದೇಶಕ್ಕೆ ಅಂತ ಮೊದಲ ಪುಟದಲ್ಲೇ ಇರಬೇಕು.

ಒತ್ತಡದ ಬಗ್ಗೆ ಹೇಳದಿದ್ದರೆ ಅರ್ಧ ಹೇಳಿದ ಹಾಗೆ. 30 ಲಕ್ಷಕ್ಕಿಂತ ಮೇಲೆ 75 ಲಕ್ಷದವರೆಗಿನ ಮನೆಸಾಲಕ್ಕೆ ಆಸ್ತಿ ಬೆಲೆಯ ಶೇಕಡಾ 80ರವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ ಮಿತಿ ಇದೆ. ಒಬ್ಬರಿಗೆ 60 ಲಕ್ಷ ಸಾಲ ಬೇಕು. ಹಾಗಾದರೆ ಮನೆ 75 ಲಕ್ಷ ಬಾಳಬೇಕು. ನೀವು ಇನ್ನೂ ಮನೆ ನೋಡಿಲ್ಲ, ಫೋನ್ ಬರುತ್ತದೆ: "75 ಬರೋ ಹಾಗೆ ನೋಡಿ ಮೇಡಂ." ಮಾಲೀಕರು ಮಾಡುತ್ತಾರೆ, ಬಿಲ್ಡರ್ ಮಾಡುತ್ತಾನೆ, ಕೆಲವು ಸಲ ಟಾರ್ಗೆಟ್ ತಲೆ ಮೇಲೆ ಇರುವ ಸಾಲದ ವಿಭಾಗದವರೂ ಮಾಡುತ್ತಾರೆ. ನನ್ನ ಲೆಕ್ಕದಲ್ಲಿ 66 ಬಂದಿದ್ದಕ್ಕೆ ಒಂದು ಕಡೆಯಿಂದ ಆಮೇಲೆ ಕೆಲಸ ಬರುವುದೇ ನಿಂತಿತು. ನಿಲ್ಲುತ್ತದೆ. ಅದಕ್ಕೇ ಒಂದೇ ಬ್ಯಾಂಕಿನ ಮೇಲೆ ಹೊಟ್ಟೆಪಾಡು ಕಟ್ಟಿಕೊಳ್ಳಬೇಡಿ. ತೆರಿಗೆ ಕೆಲಸ, ಪಾಲು ವಿಭಾಗದ ಕೆಲಸ, ಕಂಪನಿ ದಿವಾಳಿ ಪ್ರಕರಣಗಳ ಕೆಲಸ, ಎಲ್ಲವೂ ಸ್ವಲ್ಪ ಸ್ವಲ್ಪ ಇರಲಿ. ದಿವಾಳಿ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಇಬ್ಬರು ವ್ಯಾಲ್ಯುಯರ್‌ಗಳನ್ನು ಬೇರೆ ಬೇರೆಯಾಗಿ ನೇಮಿಸುತ್ತಾರೆ, ಇಬ್ಬರ ಬೆಲೆ ತೀರಾ ದೂರ ಇದ್ದರೆ ಮೂರನೆಯವರನ್ನು ಕರೆಯಬಹುದು. ಅಲ್ಲಿ ಕಾರಣ ಬರೆಯದವರು ತಕ್ಷಣ ಬಯಲಾಗುತ್ತಾರೆ.

ಕಾನೂನು ಕೂಡ ಇದೆ. ಕೆಲಸ ಆದರೆ ಇಷ್ಟು, ಆಗದಿದ್ದರೆ ಇಲ್ಲ ಅನ್ನುವ ಷರತ್ತಿನ ಫೀಸು ತೆಗೆದುಕೊಳ್ಳುವ ಹಾಗಿಲ್ಲ. ನೇಮಕಕ್ಕೆ ಹಿಂದಿನ ಮೂರು ವರ್ಷ, ವ್ಯಾಲ್ಯುಯೇಷನ್ ಆದ ಮುಂದಿನ ಮೂರು ವರ್ಷ ಆ ಆಸ್ತಿಯಲ್ಲಿ ನಿಮಗೆ ಸ್ವಂತ ಹಿತಾಸಕ್ತಿ ಇರಬಾರದು. ಮೋಸದ ಉದ್ದೇಶದಿಂದ ಮಾಡಿದ್ದು ಸಾಬೀತಾದರೆ 247ನೇ ಸೆಕ್ಷನ್‌ನಲ್ಲೇ ಒಂದು ವರ್ಷದವರೆಗೆ ಜೈಲು, ಒಂದರಿಂದ ಐದು ಲಕ್ಷ ದಂಡ ಇದೆ. ಕಡತಗಳನ್ನು ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಬೇಕು. ನಾನಂತೂ ಎಸೆಯುವುದೇ ಇಲ್ಲ. ಮನೆಯವರ ಬೈಗುಳ ಬೇರೆ ವಿಷಯ.

ಪ್ರಶ್ನೆಗಳು.

ಗೈಡೆನ್ಸ್ ವ್ಯಾಲ್ಯೂ ಇದೆಯಲ್ಲ, ಅದನ್ನೇ ಬರೆದರೆ ಆಗಲ್ವಾ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಆಗಲ್ಲ. ಅದು ಮುದ್ರಾಂಕ ಶುಲ್ಕ ವಸೂಲಿಗೆ ಸರ್ಕಾರ ಹಾಕಿದ ಗೆರೆ. ಒಂದಿಡೀ ರಸ್ತೆಗೆ, ಒಂದಿಡೀ ಊರಿಗೆ ಒಂದೇ ದರ ಇರುತ್ತದೆ. ನಿಮ್ಮ ಸೈಟಿನ ಎದುರಿಗೆ ಟ್ರಾನ್ಸ್‌ಫಾರ್ಮರ್ ಇದೆಯಾ, ಮಳೆ ಬಂದರೆ ನೀರು ನುಗ್ಗುತ್ತದಾ, ಅದಕ್ಕೆ ಗೊತ್ತಿಲ್ಲ. 2023ರ ಅಕ್ಟೋಬರ್ ಪರಿಷ್ಕರಣೆ ಆದ ಮೇಲೆ ಕೆಲವು ಕಡೆ ಗೈಡೆನ್ಸ್ ವ್ಯಾಲ್ಯೂವೇ ಮಾರುಕಟ್ಟೆಗಿಂತ ಮೇಲೆ ಹೋಗಿದೆ ಅಂತ ಕೊಳ್ಳುವವರು ಗೊಣಗುವುದೂ ಉಂಟು. ರಿಪೋರ್ಟಿನಲ್ಲಿ ಅದನ್ನು ನಮೂದಿಸಿ, ನಿಮ್ಮ ಬೆಲೆ ಅದಕ್ಕಿಂತ ಯಾಕೆ ಬೇರೆ ಅಂತ ಬರೆಯಿರಿ.

ಡಿಪ್ಲೊಮಾ ಮಾಡಿದವರು ಆಗಬಹುದಾ? ಡಿಪ್ಲೊಮಾ ಒಂದರ ಮೇಲೆ ಆಗುವುದಿಲ್ಲ. ಕೆಲಸದಲ್ಲಿದ್ದುಕೊಂಡೇ ಡಿಗ್ರಿ ಅಥವಾ ಅದಕ್ಕೆ ಸಮಾನ ಅಂತ ಒಪ್ಪುವ ಅರ್ಹತೆ ಮುಗಿಸಿ. ಅಷ್ಟರಲ್ಲಿ ವ್ಯಾಲ್ಯುಯರ್ ಕಚೇರಿಯಲ್ಲಿ ಕಲಿತದ್ದು ವ್ಯರ್ಥ ಆಗಲ್ಲ. ನಾನು ಕಂಡ ಅತ್ಯುತ್ತಮ ಅಳತೆಗಾರರು ಡಿಪ್ಲೊಮಾದವರೇ.

ಹುಡುಗಿಯೊಬ್ಬಳು, "ಮೇಡಂ, ಸೈಟ್ ನೋಡೋಕೆ ಒಬ್ಬರೇ ಹೋಗ್ತೀರಾ?" ಅಂತ ಕೇಳಿದಳು. ಪೇಟೆಯೊಳಗೆ ಒಬ್ಬಳೇ. ತೋಟ, ಖಾಲಿ ಲೇಔಟು, ಬೀಗ ಹಾಕಿದ ಫ್ಯಾಕ್ಟರಿ ಅಂದರೆ ಸಹಾಯಕರನ್ನು ಕರೆದುಕೊಂಡು, ಹಗಲಲ್ಲಿ, ಬ್ಯಾಂಕಿನವರಿಗೆ ತಿಳಿಸಿ. ಗೇಟಿನಲ್ಲಿ, "ಇಂಜಿನಿಯರ್ ಸಾರ್ ಬರಲಿಲ್ವಾ?" ಅಂತ ಕೇಳುತ್ತಾರೆ. ಬಂದಿದ್ದೀನಿ, ಬಾಗಿಲು ತೆಗೀರಿ ಅನ್ನಿ. ಒಂದು ಅನುಕೂಲವೂ ಇದೆ. ಅಡುಗೆ ಮನೆಯವರೆಗೆ ಕರೆದುಕೊಂಡು ಹೋಗುತ್ತಾರೆ. ಮನೆಯಲ್ಲಿ ಎಲ್ಲಿ ಸೋರುತ್ತದೆ, ಬೋರು ಯಾವಾಗ ಬತ್ತಿತು, ಅಣ್ಣತಮ್ಮಂದಿರ ಕೇಸು ಎಲ್ಲಿಗೆ ಬಂತು ಅನ್ನುವುದೆಲ್ಲ ಅಲ್ಲಿ ಗೊತ್ತಾಗುವಷ್ಟು ಹಾಲಿನಲ್ಲಿ ಗೊತ್ತಾಗುವುದಿಲ್ಲ.

ಕೊನೆಯ ಪ್ರಶ್ನೆ: ಐದು ವರ್ಷ ಆಗುವವರೆಗೆ ಏನು ಮಾಡುವುದು? ನಿಮ್ಮ ಸ್ವಂತ ಮನೆಗೆ ಅಥವಾ ಜಮೀನಿಗೆ ಒಂದು ರಿಪೋರ್ಟ್ ಬರೆಯಿರಿ. ಕ್ರಯಪತ್ರ, ಖಾತೆ ಅಥವಾ ಪಹಣಿ, ಇಸಿ ತೆಗೆಸಿ. ಚಕ್ಕುಬಂದಿ ಓದುತ್ತಾ ಸುತ್ತಲೂ ನಡೆಯಿರಿ. ನಡೆದ ಮೂರು ಮಾರಾಟ ಹುಡುಕಿ. ನಾಲ್ಕು ಪುಟ ಸಾಕು. ಅಪ್ಪ ಅಮ್ಮನಿಗೆ ಬೆಲೆ ಮೊದಲೇ ಹೇಳಬೇಡಿ, ಅವರು ಹೇಳುವುದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು ನನ್ನ ಕಚೇರಿಗೆ ತಂದರೆ ನೋಡಿಕೊಡುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ, ಬೆಳಿಗ್ಗೆ ನಾನು ಸೈಟಿನ ಮೇಲೆ ಇರುತ್ತೇನೆ.